ಪ್ಯಾರಿಸ್‌ನಿಂದ ವೆನಿಸ್‌ಗೆ ರೈಲಿನಲ್ಲಿ: ಗಾಡಿಗಿಂತ ಕೊಂಡಿ ಮುಖ್ಯ

ಪ್ಯಾರಿಸ್‌ನಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ವೆನಿಸ್‌ನಲ್ಲಿ ಇಳಿಸುವ ರೈಲೊಂದು ಹಿಂದೆ ಇತ್ತು. 2020ರಲ್ಲಿ ಕೊರೊನಾ ಕಾಲದಲ್ಲಿ ನಿಂತದ್ದು ಮತ್ತೆ ಹೊರಡಲಿಲ್ಲ. ಹಳೆಯ ಪ್ರವಾಸ ಬರಹಗಳನ್ನು ಓದಿ ಅದನ್ನೇ ಹುಡುಕುತ್ತಾ ಕೂರುವವರು ಈಗಲೂ ಸಿಗುತ್ತಾರೆ. ಈಗೇನಿದ್ದರೂ ಹಗಲು ಪಯಣ, ನಡುವೆ ಒಂದೆರಡು ಕಡೆ ಗಾಡಿ ಬದಲಾವಣೆ. ಗಾಡಿಯೊಳಗೆ ಕುಳಿತ ಮೇಲೆ ಚಿಂತೆಯಿಲ್ಲ; ಇಳಿದು ಇನ್ನೊಂದನ್ನು ಹತ್ತುವ ಆ ಅರ್ಧ ಗಂಟೆಯಲ್ಲೇ ಪ್ರವಾಸ ಕೆಡುವುದು. ಆದ್ದರಿಂದ ಯೋಜನೆಯನ್ನು ಆ ಕೊಂಡಿಗಳಿಂದಲೇ ಆರಂಭಿಸಿ.

ಮೊದಲು ದಾರಿ

ದಾರಿಗಳು ಎರಡು. ಒಂದು, ಫ್ರಾನ್ಸ್–ಇಟಲಿ ಗಡಿಯ ಮೊದಾನ್ ಬಳಿ 1871ರಲ್ಲಿ ತೆರೆದ ಸುರಂಗದಲ್ಲಿ ಆಲ್ಪ್ಸ್ ದಾಟಿ ನೇರವಾಗಿ ಮಿಲಾನ್‌ಗೆ. ಸುಮಾರು ಏಳು ಗಂಟೆ. ಇನ್ನೊಂದು ಜೂರಿಚ್ ಮೇಲೆ. ಪ್ಯಾರಿಸ್‌ನಿಂದ ಜೂರಿಚ್‌ಗೆ ನಾಲ್ಕು ಗಂಟೆ, ಅಲ್ಲಿಂದ ಮಿಲಾನ್‌ಗೆ ಮೂರೂಕಾಲು. ಎರಡರಲ್ಲೂ ಮಿಲಾನ್‌ನಿಂದ ವೆನಿಸ್‌ಗೆ ಮತ್ತೆ ಎರಡೂವರೆ ಗಂಟೆ.

ಯಾವ ದಾರಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ಎರಡಕ್ಕೂ ಪೆಟ್ಟು ಬಿತ್ತು. ಜೂರಿಚ್ ದಾರಿಯ ಗೊಟಾರ್ಡ್ ಸುರಂಗದಲ್ಲಿ ಸರಕು ರೈಲು ಹಳಿ ತಪ್ಪಿತು; ಮೊದಾನ್ ದಾರಿಯಲ್ಲಿ ಫ್ರಾನ್ಸ್ ಕಡೆಯ ಕಣಿವೆಯಲ್ಲಿ ಗುಡ್ಡ ಕುಸಿಯಿತು. ಗೊಟಾರ್ಡ್ ಪೂರ್ತಿ ಸರಿಹೋಗಲು ಒಂದು ವರ್ಷ ಹಿಡಿಯಿತು, ಮೊದಾನ್ ದಾರಿ 2025ರ ಮಾರ್ಚ್ ಕೊನೆಯವರೆಗೂ ಮುಚ್ಚಿತ್ತು. ದಿನಾಂಕ ಗೊತ್ತು ಮಾಡುವ ಮೊದಲು ದಾರಿ ತೆರೆದಿದೆಯೇ ಎಂದು ನೋಡಿಕೊಳ್ಳಿ.

ನನ್ನನ್ನು ಕೇಳಿದರೆ ಜೂರಿಚ್ ದಾರಿ, ಅದೂ ಜೂರಿಚ್‌ನಲ್ಲಿ ಒಂದು ರಾತ್ರಿ ತಂಗಿ. ಊರು ದುಬಾರಿ, ನಿಜ. ಆದರೆ ಸಸ್ಯಾಹಾರಿಗಳಿಗೆ ಅಲ್ಲೊಂದು ಸಮಾಧಾನವಿದೆ: 1898ರಿಂದ ನಡೆಯುತ್ತಿರುವ ಹಿಲ್ಟ್ಲ್ ಎಂಬ ಶುದ್ಧ ಸಸ್ಯಾಹಾರಿ ಹೋಟೆಲು, ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಚೀಲ ತುಂಬ ಚಕ್ಕುಲಿ, ಚಟ್ನಿಪುಡಿ ಹೊತ್ತುಕೊಂಡು ಹೋಗುವವರು ಒಂದು ದಿನವಾದರೂ ಬಿಡುವು ಪಡೆಯಬಹುದು.

ಗೊಟಾರ್ಡ್ ವಿಷಯದಲ್ಲಿ ಒಂದು ಎಚ್ಚರಿಕೆ. 2016ರಲ್ಲಿ ತೆರೆದ 57 ಕಿ.ಮೀ. ಉದ್ದದ ಈ ಸುರಂಗ ಜಗತ್ತಿನಲ್ಲೇ ಅತಿ ಉದ್ದದ ರೈಲು ಸುರಂಗ. ಎಂಜಿನಿಯರುಗಳಿಗೆ ಅದು ಹೆಮ್ಮೆ. ಕಿಟಕಿ ಪಕ್ಕದ ಸೀಟಿಗೆ ಆಸೆಪಟ್ಟವರಿಗೆ ಇಪ್ಪತ್ತು ನಿಮಿಷಗಳ ಕತ್ತಲೆ. ಬೆಟ್ಟ ನೋಡಲೇಬೇಕೆಂದರೆ ‘ಟ್ರೆನೊ ಗೊಟಾರ್ಡೊ’ ಎಂಬ ನಿಧಾನದ ಗಾಡಿಯಲ್ಲಿ 1882ರ ಹಳೆಯ ಮಾರ್ಗ ಹಿಡಿದು ಬೆಲಿನ್‌ಜೋನಾಗೆ ಹೋಗಿ, ಅಲ್ಲಿಂದ ಮಿಲಾನ್ ಗಾಡಿ ಹತ್ತಿ. ಹಳಿ ಸುತ್ತಿ ಸುತ್ತಿ ಏರುವುದರಿಂದ ವಾಸೆನ್ ಎಂಬ ಹಳ್ಳಿಯ ಬಿಳಿ ಚರ್ಚು ಮೂರು ಸಲ ಕಾಣಿಸುತ್ತದೆ: ಒಮ್ಮೆ ತಲೆಯ ಮೇಲೆ, ಒಮ್ಮೆ ಎದುರಿಗೆ, ಒಮ್ಮೆ ಕಾಲ ಕೆಳಗೆ.

ಟಿಕೆಟ್

ನಮ್ಮ ಹಾಗೆ ವೇಟಿಂಗ್ ಲಿಸ್ಟ್, ಆರ್‌ಎಸಿ, ತತ್ಕಾಲ್ ಅಲ್ಲಿಲ್ಲ. ವೇಗದ ಗಾಡಿಗಳ ದರ ವಿಮಾನದ ದರದಂತೆ ಏರುತ್ತಾ ಹೋಗುತ್ತದೆ; ಬೇಗ ಕೊಂಡವರಿಗೆ ಅಗ್ಗ. ಹಾಗೆಂದು ಎಲ್ಲ ಕಂಪನಿಗಳೂ ಒಂದೇ ದಿನ ಮಾರಾಟ ಆರಂಭಿಸುವುದಿಲ್ಲ. ಡಿಸೆಂಬರ್ ನಡುವಿನಲ್ಲಿ ಯುರೋಪಿನ ವೇಳಾಪಟ್ಟಿಯೇ ಬದಲಾಗುವುದರಿಂದ, ಅದರಾಚೆಯ ದಿನಾಂಕ ಹುಡುಕಿ ಗಾಡಿಯೇ ಇಲ್ಲವೆಂದು ಗಾಬರಿಯಾಗುವುದು ಬೇಡ. ಕೆಲವು ವಾರ ಬಿಟ್ಟು ನೋಡಿ.

ಬೇರೆ ಬೇರೆ ಟಿಕೆಟ್ ಕೊಂಡರೆ ಅಗ್ಗವಾಗಬಹುದು, ಆದರೆ ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ಗಾಡಿಗೆ ಹತ್ತಿಸಿಕೊಳ್ಳುವುದು ಹಲವೆಡೆ ರೈಲು ಕಂಪನಿಯ ದಾಕ್ಷಿಣ್ಯ. ಇಡೀ ಪಯಣಕ್ಕೆ ಒಂದೇ ಟಿಕೆಟ್ ಇದ್ದರೆ ಅದು ನಿಮ್ಮ ಹಕ್ಕು. ಐರೋಪ್ಯ ಒಕ್ಕೂಟದ ನಿಯಮದಂತೆ ತಲುಪುವುದು ಒಂದು ಗಂಟೆ ತಡವಾದರೆ ಟಿಕೆಟ್ ಹಣದ ಕಾಲು ಭಾಗ, ಎರಡು ಗಂಟೆ ದಾಟಿದರೆ ಅರ್ಧ ವಾಪಸು ಕೇಳಬಹುದು; ಕೆಲವು ವಿನಾಯಿತಿಗಳಿವೆ. ಬಿಡಿ ಟಿಕೆಟ್ ಕೊಂಡವರು ಪ್ರತಿ ಕೊಂಡಿಗೂ ಒಂದು ಗಂಟೆ ಇಟ್ಟುಕೊಳ್ಳಿ.

ಹಲವು ಊರು ಸುತ್ತುವವರಿಗೆ ಯುರೇಲ್ ಪಾಸ್ ಇದೆ. ಅದು ಯುರೋಪಿನ ಹೊರಗೆ ವಾಸಿಸುವವರಿಗೆ; ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ನಿಮ್ಮ ಮಗಳು ಇಂಟರ್‌ರೇಲ್ ಪಾಸನ್ನೇ ಕೊಳ್ಳಬೇಕು. ಪಾಸ್ ಇದ್ದರೂ ಈ ಮಾರ್ಗದ ವೇಗದ ಗಾಡಿಗಳಲ್ಲಿ ಸೀಟಿಗೆ ಬೇರೆ ಹಣ ಕಟ್ಟಬೇಕು, ಇದನ್ನು ಮರೆತು ಹತ್ತುವವರೇ ಹೆಚ್ಚು. ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. ಇನಿಷಿಯಲ್ ಇಟ್ಟುಕೊಂಡು ಬೆಳೆದ ನಾವು ಇಲ್ಲೇ ಎಡವುವುದು.

ಕಾಗದ ಪತ್ರ

ಒಂದೇ ಷೆಂಗೆನ್ ವೀಸಾ ಮೂರೂ ದೇಶಗಳಿಗೆ ಸಾಕು. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಿ. ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದ್ದರೂ ಐರೋಪ್ಯ ಒಕ್ಕೂಟದಲ್ಲಿಲ್ಲ: ಹಣ ಫ್ರಾಂಕ್, ಮತ್ತು ಒಕ್ಕೂಟಕ್ಕೆಂದು ಕೊಂಡ ಮೊಬೈಲ್ ಸಿಮ್ ಅಲ್ಲಿ ಕೈಕೊಡಬಹುದು. ಟಿಕೆಟನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಸ್ವಿಟ್ಜರ್ಲೆಂಡ್–ಇಟಲಿ ನಡುವಿನ ಕಿಯಾಸ್ಸೊ ಗಡಿಯಲ್ಲಿ ಪೊಲೀಸರು ಗಾಡಿಗೆ ಹತ್ತಬಹುದು, ಪಾಸ್‌ಪೋರ್ಟ್ ಚೀಲದ ತಳಕ್ಕೆ ಸೇರದಿರಲಿ.

ನಿಲ್ದಾಣದ ಬಲೆಗಳು

ಪ್ಯಾರಿಸ್‌ನಲ್ಲಿ ದೊಡ್ಡ ನಿಲ್ದಾಣಗಳು ಹಲವು. ನಮ್ಮದು ಗಾರ್ ದ ಲಿಯೋಂ. ಚಾರ್ಲ್ಸ್ ಡಿಗಾಲ್ ವಿಮಾನ ನಿಲ್ದಾಣದಿಂದ ಬರುವವರು ಆರ್‌ಇಆರ್ ಎಂಬ ಉಪನಗರ ರೈಲಿನ ಬಿ ಮಾರ್ಗ ಹಿಡಿದು ಷಾತ್ಲೆ ನಿಲ್ದಾಣದಲ್ಲಿ ಎ ಅಥವಾ ಡಿ ಮಾರ್ಗಕ್ಕೆ ಬದಲಿಸಬೇಕು. ಗಾರ್ ದ ಲಿಯೋಂನ ಒಂದನೇ ಸಭಾಂಗಣದ ಪ್ಲಾಟ್‌ಫಾರ್ಮುಗಳಿಗೆ ಅಕ್ಷರ, ಎರಡನೆಯದರಲ್ಲಿ ಅಂಕಿ. ಯಾವುದೆಂದು ಹಲಗೆಯಲ್ಲಿ ಕಾಣುವುದು ಹೊರಡಲು ಸುಮಾರು ಇಪ್ಪತ್ತು ನಿಮಿಷವಿರುವಾಗ, ಆಮೇಲೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಕೆಂಪಂಗಿಯ ಕೂಲಿ ಇರುವುದಿಲ್ಲ. ನೀವೇ ಎತ್ತಲಾಗದ ಪೆಟ್ಟಿಗೆಯನ್ನು ತರಬೇಡಿ.

ಮಿಲಾನ್‌ನಲ್ಲಿ ಬೇರೆ ತೊಡಕು. ಪ್ಯಾರಿಸ್‌ನಿಂದ ನೇರ ಬರುವ ಫ್ರೆಂಚ್ ಗಾಡಿ ಪೋರ್ತಾ ಗರಿಬಾಲ್ದಿಯಲ್ಲಿ ಕೊನೆಯಾಗುತ್ತದೆ; ವೆನಿಸ್ ಗಾಡಿ ಹೊರಡುವುದು ಮಿಲಾನೊ ಚೆಂತ್ರಾಲೆಯಿಂದ. ನಡುವೆ ಹಸಿರು ಮೆಟ್ರೋದಲ್ಲಿ ಎರಡೇ ನಿಲ್ದಾಣ, ಆದರೆ ಚೀಲ ಎಳೆದುಕೊಂಡು ಅರ್ಧ ಗಂಟೆ ಬೇಕು. ಜೂರಿಚ್ ಗಾಡಿ ನೇರವಾಗಿ ಚೆಂತ್ರಾಲೆಗೇ ಬರುತ್ತದೆ. ನಾನು ಆ ದಾರಿಯ ಪಕ್ಷ ವಹಿಸಲು ಇದೂ ಒಂದು ಕಾರಣ. ಇಟಲಿಯಲ್ಲಿ ‘ಶೋಪೆರೊ’ ಎಂಬ ಪದ ಕಂಡರೆ ಮುಷ್ಕರ ಎಂದರ್ಥ; ಸಾಮಾನ್ಯವಾಗಿ ಮೊದಲೇ ಘೋಷಿಸುತ್ತಾರೆ, ಹೊರಡುವ ವಾರ ಹುಡುಕಿ ನೋಡಿ.

ಕೊನೆಯದನ್ನು ನನ್ನ ಪೆದ್ದುತನದಿಂದ ಕಲಿತೆ. ವೆನೆಜಿಯಾ ಎಂಬ ಹಲಗೆ ಕಂಡ ಕೂಡಲೇ ಇಳಿದುಬಿಟ್ಟೆ. ಅದು ವೆನೆಜಿಯಾ ಮೆಸ್ತ್ರೆ, ನೆಲದ ಮೇಲಿನ ಊರು. ದ್ವೀಪದ ಊರಿಗೆ ಹೋಗುವವರು ಕೂತೇ ಇರಬೇಕು. ಗಾಡಿ 1846ರ ಸೇತುವೆಯ ಮೇಲೆ ಹಿನ್ನೀರು ದಾಟಿ ಸಾಂತಾ ಲೂಚಿಯಾದಲ್ಲಿ ನಿಲ್ಲುತ್ತದೆ. ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೆ ರಸ್ತೆಯಿಲ್ಲ, ಕಾಲುವೆ. ದೋಣಿ ನಿಲ್ದಾಣದ ಹೆಸರು ಫೆರೊವಿಯಾ, ಎಂದರೆ ರೈಲುಮಾರ್ಗ. ಅಲ್ಲಿ 1ನೇ ಸಂಖ್ಯೆಯ ದೋಣಿ ಬರುತ್ತದೆ, ಎಲ್ಲ ಕಡೆ ನಿಲ್ಲುತ್ತಾ ನಿಧಾನವಾಗಿ ಹೋಗುತ್ತದೆ. ಅದನ್ನೇ ಹತ್ತಿ.