ಸುಟ್ಟ ಟಿಸಿಯ ಎಣ್ಣೆಯನ್ನು ಏನು ಮಾಡಬೇಕು?

ಹೊಲದಂಚಿನ ಟಿಸಿ, ಅಂದರೆ ವಿದ್ಯುತ್ ಪರಿವರ್ತಕ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ರೈತರಿಗೆ ಪಂಪ್‌ಸೆಟ್ಟಿನ ಚಿಂತೆ. ವಿದ್ಯುತ್ ಕಂಪನಿಯ ದುರಸ್ತಿ ಕೇಂದ್ರಕ್ಕೆ ಅದರೊಳಗಿನ ಎಣ್ಣೆಯ ಚಿಂತೆಯೂ ಇರಬೇಕು. ಕಪ್ಪಾದದ್ದನ್ನೆಲ್ಲ ಒಂದೇ ಪೀಪಾಯಿಗೆ ಸುರಿದು ಹರಾಜಿಗಿಡುವುದು ಸುಲಭ. ಆದರೆ ಮತ್ತೆ ಟಿಸಿಗೇ ಹೋಗಬಹುದಾಗಿದ್ದ ಎಣ್ಣೆಯೂ ಹಾಗೆ ಸುರಿದ ಗಳಿಗೆಯಲ್ಲೇ ಕಸವಾಗುತ್ತದೆ.

ಮೊದಲು ಸಾಗಣೆ. ಟ್ರ್ಯಾಕ್ಟರಿನಲ್ಲಿ ತರುವಾಗ ಟಿಸಿ ನೆಟ್ಟಗೆ ನಿಂತಿರಲಿ. ಕೇಂದ್ರದಲ್ಲಿ ಅದನ್ನು ಇಳಿಸುವ ಜಾಗಕ್ಕೆ ಚಾವಣಿ, ಸಿಮೆಂಟ್ ನೆಲ, ಸುತ್ತ ಗಿಡ್ಡ ಕಟ್ಟೆ ಬೇಕು. ಸೋರಿದ ಎಣ್ಣೆಗೆ ಮರಳು ಹಾಕಿದರೆ ಆ ಮರಳೂ ಅಪಾಯಕಾರಿ ತ್ಯಾಜ್ಯವೇ; ಗುಡಿಸಿ ಚರಂಡಿಗೆ ತಳ್ಳುವಂತಿಲ್ಲ.

ಎರಡನೆಯದೇ ಇಡೀ ಕೆಲಸದ ಜೀವಾಳ: ಪೀಪಾಯಿಗೆ ಸುರಿಯುವ ಮುನ್ನ ಪಿಸಿಬಿ ಪರೀಕ್ಷೆ. ಪಾಲಿಕ್ಲೋರಿನೇಟೆಡ್ ಬೈಫೀನೈಲ್ ಎಂಬ ಈ ವಿಷ ಹಳೆಯ ಉಪಕರಣಗಳಲ್ಲಿತ್ತು. ಅವಕ್ಕೆ ಬಳಸಿದ ಫಿಲ್ಟರ್ ಯಂತ್ರದ ಪೈಪಿನಲ್ಲಿ ಉಳಿದ ಎಣ್ಣೆ ಶುದ್ಧ ಟಿಸಿಗಳಿಗೂ ಅದನ್ನು ದಾಟಿಸುತ್ತದೆ. ಕಿಲೊಗ್ರಾಂಗೆ 50 ಮಿಲಿಗ್ರಾಂ ಮೀರಿದರೆ ಅದು ಬೇರೆಯೇ ಲೆಕ್ಕ. ಕಿಲೊಗ್ರಾಂಗೆ 1,000 ಮಿಲಿಗ್ರಾಂ ಇರುವ ಒಂದು ಪೀಪಾಯಿಯನ್ನು ಒಂಬತ್ತು ಶುದ್ಧ ಪೀಪಾಯಿಗಳ ಜೊತೆ ಬೆರೆಸಿ ನೋಡಿ: ಹತ್ತರಲ್ಲೂ 100 ಮಿಲಿಗ್ರಾಂ! ಒಂದು ಪೀಪಾಯಿಯ ತಲೆನೋವು ಹತ್ತಾಯಿತು. ಆದ್ದರಿಂದ ಪ್ರತಿ ಟಿಸಿಯ ಮಾದರಿಯನ್ನೂ ಬೇರೆ ಶೀಷೆಯಲ್ಲಿ, ಅದರ ಕ್ರಮಸಂಖ್ಯೆ ಬರೆದು ತೆಗೆದಿಡಿ. ಪಿಸಿಬಿ ಅಳೆಯುವ ವ್ಯವಸ್ಥೆ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ (ಸಿಪಿಆರ್‌ಐ) ಇದೆ. ಮಿತಿ ಮೀರಿದ ಎಣ್ಣೆಗೆ ಪ್ರತ್ಯೇಕ ಪೀಪಾಯಿ, ಪ್ರತ್ಯೇಕ ಪಂಪು, ಪ್ರತ್ಯೇಕ ಪೈಪು.

ಪಾಸಾದ ಎಣ್ಣೆಗೆ ಬಿಡಿವಿ ಪರೀಕ್ಷೆ, ಅಂದರೆ ಎಷ್ಟು ವೋಲ್ಟೇಜಿಗೆ ಎಣ್ಣೆಯಲ್ಲಿ ಕಿಡಿ ಹಾರುತ್ತದೆ ಎಂದು ನೋಡುವುದು. 2.5 ಮಿಲಿಮೀಟರ್ ಅಂತರದ ಎರಡು ವಿದ್ಯುದ್ವಾರಗಳ ನಡುವೆ 30 ಕಿಲೊವೋಲ್ಟ್ ಒಳಗೇ ಕಿಡಿ ಹಾರಿದರೆ ತೇವವೋ ಕಸವೋ ಸೇರಿದೆ ಎಂದರ್ಥ. ಬಿಸಿ ಮಾಡಿ ನಿರ್ವಾತದಲ್ಲಿ ಹಾಯಿಸುವ ಫಿಲ್ಟರ್ ಯಂತ್ರ ಅದನ್ನು ತೆಗೆಯುತ್ತದೆ. ಆಮ್ಲತೆಯೂ ಹೆಚ್ಚಿದ್ದರೆ ಫುಲ್ಲರ್ಸ್ ಅರ್ತ್ ಮೂಲಕ ಹಾಯಿಸಬೇಕು. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಬಳಗದ್ದೇ ಆ ಮಣ್ಣು. ಬಳಸಿದ ಮೇಲೆ ಅದನ್ನು ತಿಪ್ಪೆಗೆ ಎಸೆಯಬೇಡಿ.

ಇಷ್ಟಾದ ಮೇಲೂ ಸುಧಾರಿಸದ ಎಣ್ಣೆ ಮಾತ್ರ ಅನುಮತಿ ಪಡೆದ ಮರುಬಳಕೆದಾರರಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಲಾರಿಯ ಜೊತೆ ನಮೂನೆ 10ರ ಸಾಗಣೆ ಪತ್ರ, ಕಚೇರಿಯಲ್ಲಿ ನಮೂನೆ 3ರ ದಾಖಲೆ, ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ವಾರ್ಷಿಕ ವರದಿ. ತಾಮ್ರ, ಕಬ್ಬಿಣದ ಬಗ್ಗೆ ಹೇಳಬೇಕಿಲ್ಲ, ಅವಕ್ಕೆ ಗಿರಾಕಿಗಳು ತಾವೇ ಬರುತ್ತಾರೆ. ಟಿಸಿಯ ಒಳಹೋಗುವ ಗಾಳಿಯ ತೇವ ಹೀರುವ ಬ್ರೀದರಿನ ನೀಲಿ ಸಿಲಿಕಾ ಜೆಲ್ ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು.

ಇನ್ನು ಈ ಎಣ್ಣೆ ಮಂಡಿನೋವಿಗೆ ಒಳ್ಳೆಯದೆಂದು ಬಾಟಲಿ ಹಿಡಿದು ಬರುವ ಹಿರಿಯರು. ಎಷ್ಟು ಬೇಡಿಕೊಂಡರೂ ಕೊಡಬೇಡಿ. ಪಿಸಿಬಿ ಚರ್ಮದ ಮೂಲಕವೂ ಮೈ ಸೇರುತ್ತದೆ.