ಸಾರಿನಲ್ಲಿ ಬೇಳೆ ಎಷ್ಟಿದೆ, ಒಮ್ಮೆ ತೂಗಿ ನೋಡಿ

‘ನಮ್ಮನೇಲಿ ದಿನಾ ಸಾರು ಇರುತ್ತಪ್ಪ, ಪ್ರೊಟೀನ್‌ಗೇನು ಕಮ್ಮಿ?’ ಅಂತ ನಮ್ಮ ಚಿಕ್ಕಮ್ಮ ಒಮ್ಮೆ ಕೇಳಿದರು. ಆವತ್ತು ಅವರು ಕುಕ್ಕರ್‌ಗೆ ಹಾಕಬೇಕಿದ್ದ ತೊಗರಿಬೇಳೆಯನ್ನು ತಕ್ಕಡಿಗಿಟ್ಟು ತೂಗಿದೆ. 100 ಗ್ರಾಂ ಇತ್ತು. ತಿನ್ನುವವರು ನಾಲ್ಕು ಜನ, ಅದೂ ಎರಡು ಹೊತ್ತಿಗೆ. ತಲೆಗೆ 25 ಗ್ರಾಂ ಬೇಳೆ ಅಂದರೆ ಐದೂವರೆ ಗ್ರಾಂ ಪ್ರೊಟೀನ್. ಉಳಿದದ್ದೆಲ್ಲ ನೀರು, ಹುಣಸೆಹಣ್ಣು, ಸಾರಿನ ಪುಡಿ.

ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ನಾನು ಕಂಡ ತಪ್ಪು ಹೆಚ್ಚಾಗಿ ಇದೊಂದೇ. ಸರಿ ಮಾಡುವುದು ಹೀಗೆ.

1. ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಮೈತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 55 ಕಿಲೋ ಹೆಂಗಸಿಗೆ 46 ಗ್ರಾಂ, 65 ಕಿಲೋ ಗಂಡಸಿಗೆ 54 ಗ್ರಾಂ ಆಯಿತು. ಬಸುರಿಯರಿಗೆ, ಹಾಲೂಡಿಸುವವರಿಗೆ ಇನ್ನೂ ಜಾಸ್ತಿ.

2. ದಿನಸಿ ಚೀಟಿ ನೋಡಿ

ದಿನಾ ತೂಗುತ್ತಾ ಕೂರೋಕಾಗಲ್ಲ, ಅಲ್ವಾ? ಅದೇ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 300 ಮಿಲಿ ಹಾಲು ಅಥವಾ ಮೊಸರು ಎಂದಿದೆ. ಅಕ್ಕಿ, ರಾಗಿ, ಗೋಧಿಯಿಂದ ಸುಮಾರು 20 ಗ್ರಾಂ ಪ್ರೊಟೀನ್, ಬೇಳೆಯಿಂದ 19, ಹಾಲಿನಿಂದ 9. ಒಟ್ಟು 48. ಜೊತೆಗೆ ಒಂದು ಹಿಡಿ ಶೇಂಗಾ ತಿಂದರೆ ಗಂಡಸರ ಲೆಕ್ಕವೂ ಮುಗಿಯಿತು. ಬೇಳೆ 25 ಗ್ರಾಂಗೆ ಇಳಿದರೆ ಒಟ್ಟು 35ರ ಹತ್ತಿರವೇ ನಿಂತುಬಿಡುತ್ತದೆ.

85 ಗ್ರಾಂ ಅಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ 10 ಕಿಲೋ. ತೊಗರಿ, ಹೆಸರು, ಉದ್ದು, ಕಡಲೆ, ಹುರುಳಿ, ಹುರಿಗಡಲೆ, ಕಡಲೆಹಿಟ್ಟು ಎಲ್ಲ ಸೇರಿ. ಕಳೆದ ತಿಂಗಳ ಚೀಟಿ ತೆಗೆದು ಕೂಡಿಸಿ ನೋಡಿ. ಚಿಕ್ಕಮ್ಮನ ಮನೇಲಿ ನಾಲ್ಕೂವರೆ ಕಿಲೋ ಬಂದಿತ್ತು. ಅಕ್ಕಿ ಮಾತ್ರ 25 ಕಿಲೋ ಮೂಟೆ.

3. ಕಾಳು ನೆನೆಸಿ, ಮೊಳಕೆ ಕಟ್ಟಿ

ಸಾರಿಗೇ ಮೂರರಷ್ಟು ಬೇಳೆ ಸುರಿದರೆ ಅದು ಸಾರಾಗಿ ಉಳಿಯುವುದಿಲ್ಲ, ತೊವ್ವೆಯಾಗುತ್ತದೆ. ಹಾಗಾಗಿ ಕಾಳು ತಿನ್ನಲೇಬೇಕು. ಜನ ಕೆಡಿಸುವುದೂ ಇಲ್ಲೇ.

ಹೊಸ ಕಾಳು ತನ್ನಿ. ಡಬ್ಬದ ತಳದಲ್ಲಿ ಎರಡು ವರ್ಷದಿಂದ ಕೂತ ಹುರುಳಿ ಮೊಳೆಯುವುದಿಲ್ಲ. ಬಿತ್ತನೆ ಬೀಜ ಅಂತೂ ಬೇಡವೇ ಬೇಡ, ಅದಕ್ಕೆ ಔಷಧಿ ಸವರಿರುತ್ತಾರೆ. ಎರಡು ಮೂರು ಸಲ ತೊಳೆದು, ಕಾಳಿನ ಮೂರು ಪಟ್ಟು ನೀರು ಹಾಕಿ. ಹೆಸರುಕಾಳಿಗೆ ಎಂಟು ಗಂಟೆ, ಹುರುಳಿಗೆ ಹನ್ನೆರಡು. ನೆನೆದ ನೀರನ್ನು ಚೆಲ್ಲಿ. ಹೊಟ್ಟೆ ಉಬ್ಬರ ತರುವ ಅಂಶ ಒಂದಿಷ್ಟು ಅದರ ಜೊತೆಗೇ ಹೋಗುತ್ತದೆ. ಆಗ ಕೈಯಾಡಿಸಿದರೆ ನೆನೆಯದೆ ಗಟ್ಟಿಯಾಗೇ ಉಳಿದ ಕಲ್ಲುಕಾಳು ಸಿಗುತ್ತವೆ. ಅವನ್ನು ಈಗಲೇ ಆರಿಸಿ ಬಿಸಾಕಿ. ಇಲ್ಲದಿದ್ದರೆ ಯಾರದೋ ಹಲ್ಲಿಗೆ ಸಿಗುತ್ತವೆ.

ಇನ್ನು ಕಟ್ಟುವುದು. ನೀರು ಪೂರ್ತಿ ಸೋರಬೇಕು. ತೂತಿನ ಪಾತ್ರೆಯಲ್ಲಿ ಹತ್ತು ನಿಮಿಷ ಬಿಡಿ. ತೆಳು ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಅದರಲ್ಲಿ ಸಡಿಲವಾಗಿ ಗಂಟು ಕಟ್ಟಿ ನೇತುಹಾಕಿ. ಬಿಗಿದರೆ ನಡುವಿನ ಕಾಳಿಗೆ ಗಾಳಿಯಾಡದೆ ಹುಳಿ ವಾಸನೆ ಬರುತ್ತದೆ. ಅಂಗಡಿಯಲ್ಲಿ ಮೂರಂತಸ್ತಿನ ಪ್ಲಾಸ್ಟಿಕ್ ಡಬ್ಬ ಮಾರುತ್ತಾರಲ್ಲ, ನಾನೂ ತಂದಿದ್ದೆ. ತಳದಲ್ಲಿ ನೀರು ನಿಂತು ಕಾಳು ಲೋಳೆಯಾಯಿತು. ಈಗ ಅದರಲ್ಲಿ ಹೊಲಿಗೆ ದಾರ ಇಟ್ಟಿದ್ದೇನೆ.

ಬೇಸಿಗೆಯಲ್ಲಿ ಹೆಸರುಕಾಳು ಅರ್ಧ ದಿನಕ್ಕೇ ಮೊಳೆಯುತ್ತದೆ. ಚಳಿಗಾಲದಲ್ಲಿ ಒಂದು ದಿನ ಬೇಕು, ಹುರುಳಿಗೆ ಎರಡು. ಮೊಳಕೆ ಕಾಳಿನಷ್ಟೇ ಉದ್ದ ಬಂದರೆ ಸಾಕು, ಬಾಲ ಬೆಳೆಯಲು ಬಿಟ್ಟರೆ ಹುಲ್ಲಿನ ರುಚಿ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಲೋಳೆಯಾಗಿದ್ದರೆ ಅಥವಾ ವಾಸನೆ ಬಂದರೆ ತೊಳೆದು ಉಳಿಸಿಕೊಳ್ಳಲು ಹೋಗಬೇಡಿ, ಗಿಡದ ಬುಡಕ್ಕೆ ಹಾಕಿ.

ಮೊಳಕೆ ಬಂದರೆ ಪ್ರೊಟೀನ್ ಹೆಚ್ಚಾಗುತ್ತದೆ ಅನ್ನುವುದು ಸುಮ್ನೆ ಮಾತು. ಹೆಚ್ಚುವುದು ವಿಟಮಿನ್ ಸಿ, ಮತ್ತೆ ಕಾಳಿನ ಕಬ್ಬಿಣ ಮೈಗೆ ಹತ್ತುವುದು ಸುಲಭವಾಗುತ್ತದೆ. ನೀರು ಕುಡಿದು ಕಾಳು ಉಬ್ಬಿರುತ್ತದಷ್ಟೆ. ಆದ್ದರಿಂದ ಲೆಕ್ಕ ಹಾಕುವಾಗ ಒಣ ಕಾಳನ್ನೇ ಹಿಡಿಯಿರಿ.

ಬೇಯಿಸುವಾಗ ಹೆಸರಿನ ಮೊಳಕೆಗೆ ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ ಐದಾರು ನಿಮಿಷ ಸಾಕು. ಹುರುಳಿಗೆ ಮೂರು ನಾಲ್ಕು ಕೂಗು. ಹುಣಸೆ, ಟೊಮೆಟೊ ಕಾಳು ಬೆಂದ ಮೇಲೇ ಹಾಕಿ, ಹುಳಿ ಮೊದಲೇ ಬಿದ್ದರೆ ಕಾಳು ಬೇಯುವುದೇ ಇಲ್ಲ. ಗಡಸು ಬೋರ್‌ವೆಲ್ ನೀರಲ್ಲೂ ಹಾಗೇ, ಅದಕ್ಕೆ ಕುಡಿಯುವ ನೀರನ್ನೇ ಹಾಕಿ. ಸೋಡಾ ಹಾಕುವ ಅಡ್ಡದಾರಿ ಬೇಡ, ಬಿ1 ವಿಟಮಿನ್ ಹಾಳಾಗುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹಸಿ ಮೊಳಕೆ ಕೊಡಬೇಡಿ, ಬೇಯಿಸಿಯೇ ಕೊಡಿ.

ಹುರುಳಿ ಬೇಯಿಸಿ ಕಟ್ಟಿನ ಸಾರು ಮಾಡಿ ಕಾಳನ್ನು ಹಸುವಿಗೆ ಹಾಕುವವರನ್ನೂ ನೋಡಿದ್ದೇನೆ. ಪ್ರೊಟೀನ್ ತಿಂದದ್ದು ಹಸು! ಬಸ್ಸಾರಿನ ಮನೆಯವರು ಜಾಣರು, ಬಸಿದದ್ದು ಸಾರಿಗೆ, ಕಾಳು ಪಲ್ಯಕ್ಕೆ.

4. ಮೂರು ಹೊತ್ತಿಗೂ ಹಂಚಿ

ಪ್ರೊಟೀನ್ ಅಂದರೆ ಅಮೈನೊ ಆಮ್ಲ ಅನ್ನುವ ಸಣ್ಣ ಸಣ್ಣ ತುಂಡುಗಳ ಸರ. ಅವುಗಳಲ್ಲಿ ಲೈಸಿನ್ ಅನ್ನುವುದು ಅಕ್ಕಿ, ಗೋಧಿಯಲ್ಲಿ ಕಡಿಮೆ, ಮೆಥಿಯೊನಿನ್ ಅನ್ನುವುದು ಬೇಳೆಯಲ್ಲಿ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಬೆರೆಯಬೇಕೆಂದಿಲ್ಲ, ಅದೇ ದಿನ ತಿಂದರೆ ಆಯಿತು.

ಬೆಳಗ್ಗೆ ಹೆಸರುಕಾಳಿನ ದೋಸೆ, ಇಲ್ಲವೇ ನುಚ್ಚಿನುಂಡೆ. ನುಚ್ಚಿನುಂಡೆ ಪೂರ್ತಿ ಬೇಳೆಯೇ, ಜೊತೆಗೆ ಮಜ್ಜಿಗೆಹುಳಿ ಇದ್ದರೆ ನನಗೆ ಬೇರೇನೂ ಬೇಡ. ಮೂರು ಇಡ್ಲಿಯಲ್ಲಿ ಉದ್ದು 10 ಗ್ರಾಂ ಆಸುಪಾಸು ಇದ್ದೀತು, ಚಟ್ನಿಗೆ ಹುರಿಗಡಲೆ ಧಾರಾಳವಾಗಿ ಹಾಕಿ. ಮಧ್ಯಾಹ್ನ ಕಾಳಿನ ಪಲ್ಯ ಅಥವಾ ಉಸ್ಲಿ. ರಾತ್ರಿ ರೊಟ್ಟಿಗೆ ಕಡಲೆಹಿಟ್ಟಿನ ಜುಣಕ, ಶೇಂಗಾ ಚಟ್ನಿಪುಡಿ, ಮೊಸರು. ಮುದ್ದೆ ಉಣ್ಣುವವರಿಗೆ ಕ್ಯಾಲ್ಸಿಯಂ ಚಿಂತೆ ಕಮ್ಮಿ, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚಿದೆ.

ಸೋಯಾ ಉಂಡೆಯಲ್ಲಿ ಅರ್ಧದಷ್ಟು ಪ್ರೊಟೀನೇ. ವಾಸನೆ ನನಗಾಗದು. ಆಗುವವರು ಬಿಸಿನೀರಲ್ಲಿ ಕುದಿಸಿ, ಹಿಂಡಿ, ಹುಳಿಗೆ ಹಾಕಿ.

ಮಕ್ಕಳ ಹಾಲಿಗೆ ಬೆರೆಸುವ ಪುಡಿ ತರುವ ಮುನ್ನ ಡಬ್ಬದ ಹಿಂದೆ ಸಕ್ಕರೆ ಎಷ್ಟಿದೆ ಓದಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಇಂಥವನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಆ ದುಡ್ಡಿಗೆ ಶೇಂಗಾ ಬರುತ್ತದೆ.

5. ಬೇಳೆಯಿಂದ ಸಿಗದ್ದು

ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು. ಕೋಸಂಬರಿಗೆ ನಿಂಬೆ ಹಿಂಡಿ. ಊಟವಾದ ತಕ್ಷಣ ಕಾಫಿ, ಟೀ ಬೇಡ, ಒಂದು ಗಂಟೆ ತಡೆಯಿರಿ. ಚಿಕ್ಕಮ್ಮ ಒಪ್ಪದ ಸಲಹೆ ಇದೊಂದೇ.

ಬಿ12 ಯಾವ ಕಾಳಿನಲ್ಲೂ, ಸೊಪ್ಪಿನಲ್ಲೂ ಇಲ್ಲ. ಹಾಲು, ಮೊಸರಿನಲ್ಲಿ ಒಂದಿಷ್ಟಿದೆ. ಹಾಲನ್ನೂ ಬಿಟ್ಟವರು ಮಾತ್ರೆ ತಗೊಳ್ಳಲೇಬೇಕು. ಸ್ಪಿರುಲಿನಾ ಅನ್ನುವ ಪಾಚಿ ಪುಡಿಯಿಂದ ಆಗುತ್ತದೆ ಅಂದರೆ ನಂಬಬೇಡಿ. ಕೈಕಾಲು ಜೋಮು, ಮರೆವು, ಸುಸ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಕಿಡ್ನಿ ತೊಂದರೆ ಇರುವವರಿಗೆ ಈ 85 ಗ್ರಾಂ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಬೇಳೆ ಎಷ್ಟು ಅಂತ ಡಾಕ್ಟರೇ ಹೇಳಬೇಕು.