ಕಬಿನಿಯಲ್ಲಿ ಹನಿಮೂನ್: ಬೆಳಗ್ಗೆ ಆನೆ, ರಾತ್ರಿ ಅರುಂಧತಿ

ಹನಿಮೂನ್‌ಗೆಂದು ಕಬಿನಿಗೆ ಹೋದ ಜೋಡಿಗಳು ಹುಲಿ ಕಾಣಲಿಲ್ಲ ಎಂದು ಪೇಚಾಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಹುಲಿ ಕಾಣುವುದು ಯಾರ ಕೈಯಲ್ಲೂ ಇಲ್ಲ. ಆದರೆ ನಕ್ಷತ್ರ ಕಾಣುವ ಹಾಗೆ ಮಾಡಿಕೊಳ್ಳುವುದು ಬಹುಪಾಲು ನಮ್ಮ ಕೈಯಲ್ಲೇ ಇದೆ. ಅದನ್ನೇ ಎಲ್ಲರೂ ಕೆಡಿಸಿಕೊಳ್ಳುತ್ತಾರೆ.

1. ಮೊದಲು ಪಂಚಾಂಗ, ಆಮೇಲೆ ಬುಕಿಂಗ್

'ಬೆಳದಿಂಗಳ ರಾತ್ರಿ' ಎಂಬ ಆಸೆಗೆ ಬಿದ್ದು ಹುಣ್ಣಿಮೆಗೆ ರೂಮ್ ಹಿಡಿಯಬೇಡಿ. ಆ ಬೆಳಕಿಗೆ ಎದ್ದು ಕಾಣುವುದು ಬೆರಳೆಣಿಕೆಯ ನಕ್ಷತ್ರ ಮಾತ್ರ. ಬಹುಳ ಏಕಾದಶಿಯಿಂದ ಶುದ್ಧ ತದಿಗೆಯವರೆಗಿನ ದಿನಗಳನ್ನು ಆರಿಸಿ. ನನ್ನನ್ನು ಕೇಳಿದರೆ ಯುಗಾದಿ ಅಮಾವಾಸ್ಯೆಗೆ ಎರಡು ಮೂರು ದಿನ ಮುಂಚೆ ಹೋಗಿ ಬನ್ನಿ. ಹಬ್ಬದ ಹೊತ್ತಿಗೆ ಮನೆಗೂ ಸೇರಬಹುದು. ಆಗ ಕಬಿನಿ ನದಿಗೆ ಕಟ್ಟಿದ ಬೀಚನಹಳ್ಳಿ ಅಣೆಕಟ್ಟಿನ ಹಿನ್ನೀರು ಇಳಿದು ದಡದಲ್ಲಿ ಎಳೆ ಹುಲ್ಲು ಚಿಗುರಿರುತ್ತದೆ. ಅದನ್ನು ಮೇಯಲು ಆನೆಗಳು ಬರುತ್ತವೆ. ಏಪ್ರಿಲ್ ಕೊನೆಗೆ ಹೋದರೆ ಆನೆ ಸಿಗುತ್ತವೆ ನಿಜ, ಆದರೆ ಸಂಜೆಯಾದರೆ ಗುಡುಗು ಮೋಡ.

ಸಫಾರಿ ನಡೆಯುತ್ತಿದೆಯೇ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಅರಣ್ಯ ಇಲಾಖೆ ಕೆಲವೊಮ್ಮೆ ನಿಲ್ಲಿಸುವುದುಂಟು. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ.

2. ಬೆಳಗಿನ ಜೀಪು

ಮಾಸಲು ಬಣ್ಣದ ಬಟ್ಟೆ ಹಾಕಿ. ಸೆಂಟು ಬೇಡ. ಡ್ರೈವರ್‌ಗೆ "ಹುಲಿ ತೋರಿಸಿ ಅಣ್ಣ" ಎಂದು ಗಂಟು ಬೀಳಬೇಡಿ; ಅವರು ಸುಮ್ನೆ ಗಾಡಿ ಓಡಿಸುತ್ತಾರೆ, ನಿಮಗೆ ಧೂಳು ಮಾತ್ರ ಸಿಗುತ್ತದೆ. "ಆನೆ ಕಂಡರೆ ಸ್ವಲ್ಪ ಹೊತ್ತು ನಿಲ್ಲಿಸಿ" ಎನ್ನಿ. ಸೊಂಡಿಲಿನಿಂದ ಹುಲ್ಲು ಕಿತ್ತು, ಮುಂಗಾಲಿಗೆ ಪಟಪಟ ಬಡಿದು, ಬೇರಿನ ಮಣ್ಣು ಉದುರಿಸಿ ಬಾಯಿಗಿಡುವುದನ್ನು ನೋಡಬೇಕಾದರೆ ನಿಲ್ಲಲೇಬೇಕು. ಕಿವಿ ನಿಧಾನಕ್ಕೆ ಬೀಸುತ್ತಿದ್ದರೆ ಆನೆ ನೆಮ್ಮದಿಯಾಗಿದೆ. ಕಿವಿ ಅಗಲಿಸಿ ಅಲುಗದೆ ನಿಂತಿತೆಂದರೆ ಮಾತು, ಕ್ಯಾಮೆರಾ ಎರಡೂ ಬಂದ್.

ಮುಸುವ (ಕಪ್ಪು ಮುಖದ ಕೋತಿ) ಮರದ ಮೇಲಿಂದ ಕೆಮ್ಮಿದಂತೆ ಕೂಗಿದರೆ, ಕಡವೆ ದನಿಗೂಡಿಸಿದರೆ, ಹತ್ತಿರದಲ್ಲೇ ಹುಲಿಯೋ ಚಿರತೆಯೋ ಇರಬಹುದು.

3. ಮಧ್ಯಾಹ್ನ

ಊಟ ಮಾಡಿ ಮಲಗಿ. ರಾತ್ರಿ ನಿದ್ದೆಗೆಡಬೇಕು. ಸಂಜೆ ಬೋಟ್ ಸಫಾರಿ ಇದ್ದರೆ ಹೋಗಿ, ದಡದಲ್ಲಿ ಬಿಸಿಲು ಕಾಯುವ ಮೊಸಳೆ ಸಿಗಬಹುದು.

4. ರಾತ್ರಿ: ಇಲ್ಲಿ ಅವಸರ ಬೇಡ

ಕಾಂಪೌಂಡ್ ದಾಟಿ ಹೊರಗೆ ಕಾಲಿಡಬೇಡಿ. ಅಲ್ಲಿ ಆನೆ ಓಡಾಡುತ್ತದೆ. ತಾರಸಿ ಸಿಕ್ಕರೆ ಒಳ್ಳೆಯದು, ಚಾಪೆ ಹಾಸಿ ಅಂಗಾತ ಮಲಗಿ. ನಿಂತು ನೋಡಿದರೆ ಸ್ವಲ್ಪ ಹೊತ್ತಿಗೇ ಕತ್ತು ನೋಯುತ್ತದೆ. ರೂಮಿಗೆ ಬಂದ ದಿನವೇ ರಿಸೆಪ್ಶನ್‌ನಲ್ಲಿ ಆ ಕಡೆಯ ದೀಪ ಆರಿಸಲು ಕೇಳಿಕೊಳ್ಳಿ. 'ಹನಿಮೂನ್ ಸ್ಪೆಷಲ್' ಎಂದು ಕ್ಯಾಂಪ್ ಫೈರ್ ಹಾಕಲು ಬಂದರೆ ಕೈಮುಗಿದು ಬೇಡ ಎನ್ನಿ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ವಾಟ್ಸಾಪ್ ನೋಡಿದಿರೋ, ಮತ್ತೆ ಮೊದಲಿನಿಂದ ಶುರು. ಎಲ್ಲರೂ ಎಡವುವುದು ಇಲ್ಲೇ. ಇಬ್ಬರ ಫೋನೂ ರೂಮಿನಲ್ಲಿರಲಿ. ಟಾರ್ಚ್ ಬೇಕಿದ್ದರೆ ಕೆಂಪು ಗ್ಲಾಸ್ ಪೇಪರ್ ಎರಡು ಸುತ್ತು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕೆಂಪು ಬೆಳಕು ಮಂದವಾಗಿದ್ದರೆ ಕಣ್ಣನ್ನು ಅಷ್ಟು ಕೆಡಿಸುವುದಿಲ್ಲ.

ಯಾರೋ 500 ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಮಾರುವ ಆಟಿಕೆ ಟೆಲಿಸ್ಕೋಪ್ ಕೊಳ್ಳಬೇಡಿ. ಸ್ಟ್ಯಾಂಡ್ ಅಲುಗಾಡಿ ಚಂದ್ರನೂ ಕುಣಿಯುತ್ತಾನೆ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ತಗೊಳ್ಳಿ. ಬೆಳಗ್ಗೆ ಜೀಪಿನಲ್ಲೂ ರಾತ್ರಿ ತಾರಸಿಯಲ್ಲೂ ಅದೇ ಸಾಕು.

ಮಾರ್ಚ್ ಕೊನೆಯಲ್ಲಾದರೆ ರಾತ್ರಿ ಎಂಟು ಗಂಟೆಗೆ ಪಶ್ಚಿಮಕ್ಕೆ ನೋಡಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಂಡರೆ ಅದು ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜದ) ಸೊಂಟಪಟ್ಟಿ. ಅದರ ನೇರಕ್ಕೆ ಎಡಗಡೆ ಹೋದರೆ ಲುಬ್ಧಕ, ರಾತ್ರಿ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ. ದಕ್ಷಿಣಕ್ಕೆ ಇಳಿದರೆ ಅಗಸ್ತ್ಯ ನಕ್ಷತ್ರ. ಪಶ್ಚಿಮದಲ್ಲೇ ಕೆಳಗೆ ಕೃತ್ತಿಕೆಯ ಗುಂಪಿದೆ. ಬರಿಗಣ್ಣಿಗೆ ಆರೇಳು, ಬೈನಾಕ್ಯುಲರ್‌ಗೆ ಹತ್ತಾರು.

ಈಗ ಅರುಂಧತಿ. ಮದುವೆ ದಿನ ಮಟಮಟ ಮಧ್ಯಾಹ್ನ ಪುರೋಹಿತರು ಆಕಾಶ ತೋರಿಸಿ "ಕಾಣ್ತಾ?" ಅಂದಾಗ ಇಬ್ಬರೂ "ಹೂಂ" ಅಂದಿರುತ್ತೀರಿ, ಅಲ್ವಾ? ಇಲ್ಲಿ ನಿಜವಾಗಿ ನೋಡಿ. ಮಾರ್ಚ್ ಕೊನೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ಉತ್ತರಕ್ಕೂ ಈಶಾನ್ಯಕ್ಕೂ ನಡುವೆ ಸಪ್ತರ್ಷಿ ಮಂಡಲ ಏರಿರುತ್ತದೆ. ನಾಲ್ಕು ನಕ್ಷತ್ರಗಳ ಪೆಟ್ಟಿಗೆ ಮೇಲೆ, ಮೂರು ನಕ್ಷತ್ರಗಳ ಬಾಲ ಬಲಕ್ಕೆ ಕೆಳಗೆ. ಬಾಲದ ನಡುವಿನವನು ವಸಿಷ್ಠ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ ಎಂದು ಲೆಕ್ಕ. ವಸಿಷ್ಠ ದಿಗಂತದಿಂದ ಮೂರು ಮುಷ್ಟಿ ಎತ್ತರದಲ್ಲಿ ಸಿಗುತ್ತಾನೆ. ಅವನಿಗೆ ಅಂಟಿಕೊಂಡಂತಿರುವ ಮಂದ ಚುಕ್ಕಿಯೇ ಅರುಂಧತಿ. ನೇರವಾಗಿ ದಿಟ್ಟಿಸಿದರೆ ಜಾರಿಹೋಗುತ್ತಾಳೆ. ನೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಆಗ ಕಣ್ಣಂಚಿಗೆ ಸಿಗುತ್ತಾಳೆ. ಇಬ್ಬರಲ್ಲಿ ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದಿದ್ದರೆ ಜಗಳ ಬೇಡ, ಕನ್ನಡಕ ಹಾಕಿಕೊಳ್ಳಿ.

ನಿದ್ದೆ ಬರದಿದ್ದರೆ ನಡುರಾತ್ರಿ ದಕ್ಷಿಣಕ್ಕೆ ತಿರುಗಿ. ದಿಗಂತದಿಂದ ಎರಡು ಮುಷ್ಟಿಗಿಂತ ಸ್ವಲ್ಪ ಕೆಳಗೆ ತ್ರಿಶಂಕು (ಶಿಲುಬೆಯ ಆಕಾರದ ನಕ್ಷತ್ರಪುಂಜ) ಸಿಗುತ್ತದೆ. ಮರ ಅಡ್ಡ ಇದ್ದರೆ ಮಾತ್ರ ಆಸೆ ಬಿಡಿ.

ಇನ್ನೊಂದು ಮಾತು: ಮರುದಿನ ಬೆಳಗಿನ ಸಫಾರಿ ಬುಕ್ ಮಾಡಬೇಡಿ. ತಿಂಡಿ ಎಷ್ಟು ಗಂಟೆಯವರೆಗೆ ಇರುತ್ತದೆ ಎಂದಷ್ಟೇ ಕೇಳಿಟ್ಟುಕೊಳ್ಳಿ.